ಶುಲ್ಕ 1,24,000, ವೆಚ್ಚ 6,82,000: ಡೊಂಬಿವಲಿಯ ಒಂದು ಬಿ.ಎಡ್. ಲೆಕ್ಕ

ಕಳೆದ ದೀಪಾವಳಿ ರಜೆಯ ಒಂದು ಭಾನುವಾರ, ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿರುವ ನನ್ನ ಅಕ್ಕನ ಮಗಳ ಮನೆಯಲ್ಲಿ ನಾಲ್ಕು ಗಂಟೆ ಕುಳಿತು ಮಾಡಿದ ಲೆಕ್ಕವೊಂದನ್ನು, ಅವಳ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ಇಲ್ಲಿ ದಾಖಲಿಸುತ್ತಿದ್ದೇನೆ. ನಾನು 34 ವರ್ಷ ಬ್ಯಾಂಕಿನಲ್ಲಿದ್ದವನು, ಅದರಲ್ಲಿ ಹೆಚ್ಚಿನ ಕಾಲ ಸಾಲದ ಅರ್ಜಿಗಳನ್ನು ನೋಡಿದವನು. ಹೀಗಾಗಿ ಬಂಧುಗಳಲ್ಲಿ ಯಾರಿಗಾದರೂ ದೊಡ್ಡ ಖರ್ಚಿನ ಯೋಚನೆ ಬಂದರೆ ನನಗೆ ಕರೆ ಬರುವುದು ರೂಢಿ. ಈ ಸಲದ ಪ್ರಶ್ನೆ ಮನೆಯದೂ ಅಲ್ಲ, ಕಾರಿನದೂ ಅಲ್ಲ. ಗಣಿತದಲ್ಲಿ ಬಿ.ಎಸ್ಸಿ. ಮಾಡಿರುವ, ಐದು ವರ್ಷದ ಮಗಳಿರುವ, 31 ವರ್ಷದ ಹೆಣ್ಣುಮಗಳು ಈಗ ಬಿ.ಎಡ್.ಗೆ ಸೇರಿದರೆ ಹಾಕಿದ ಹಣ ಹಿಂದಕ್ಕೆ ಬರುತ್ತದೆಯೇ, ಬಂದರೆ ಎಷ್ಟು ವರ್ಷಕ್ಕೆ ಎಂಬುದು ಪ್ರಶ್ನೆ.

ಕುಟುಂಬ ಮೂಲತಃ ಕುಂದಾಪುರದ ಕಡೆಯದು. ಗಂಡ ಠಾಣೆಯ ಒಂದು ಖಾಸಗಿ ಕಂಪನಿಯಲ್ಲಿ ನೌಕರ. ಅತ್ತೆ ಜೊತೆಯಲ್ಲಿದ್ದಾರೆ. ಅವಳು ನಾಲ್ಕು ವರ್ಷಗಳಿಂದ ಒಂದು ಅನುದಾನರಹಿತ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಆರನೆಯ ಮತ್ತು ಏಳನೆಯ ತರಗತಿಗಳಿಗೆ ಗಣಿತ ಕಲಿಸುತ್ತಾಳೆ. ತರಬೇತಿ ಇಲ್ಲದವಳಾದ್ದರಿಂದ ಕಾಗದದಲ್ಲಿ ಅವಳು ಶಿಕ್ಷಕಿಯಲ್ಲ, ಸಹಾಯಕಿ. ಸಂಬಳ ತಿಂಗಳಿಗೆ 14,000 ರೂಪಾಯಿ, ಅದೂ ವೋಚರಿನ ಮೇಲೆ, ಪಿಎಫ್ ಇಲ್ಲ. ಸಂಜೆ ಮನೆಯಲ್ಲಿ ಏಳು ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ತಲೆಗೆ ಸಾವಿರದಂತೆ ವರ್ಷಕ್ಕೆ ಹತ್ತು ತಿಂಗಳು, ಅಂದರೆ 70,000 ರೂಪಾಯಿ. ಮಗಳು ಅದೇ ಶಾಲೆಯಲ್ಲಿ ಓದುವುದರಿಂದ ಸಿಬ್ಬಂದಿಯ ಮಕ್ಕಳಿಗೆ ಕೊಡುವ ಅರ್ಧ ಶುಲ್ಕದ ರಿಯಾಯಿತಿ ಸಿಗುತ್ತದೆ. ಅದರ ಬೆಲೆ ವರ್ಷಕ್ಕೆ 18,000. ಮೂರನ್ನೂ ಕೂಡಿಸಿದರೆ ವರ್ಷಕ್ಕೆ 2,56,000 ರೂಪಾಯಿ.

ಮುಖ್ಯಾಧ್ಯಾಪಕಿಯವರು ಜೂನ್ ತಿಂಗಳಲ್ಲಿ ಅವಳನ್ನು ಕರೆದು, ಬಿ.ಎಡ್. ಮಾಡಿಕೊಂಡು ಬಂದರೆ 26,000 ಕೊಡುತ್ತೇವೆ, ಇಲ್ಲವಾದರೆ ಎಷ್ಟು ದಿನ ಇಟ್ಟುಕೊಳ್ಳಬಹುದೋ ಹೇಳಲಾಗದು ಎಂದಿದ್ದರು. ಅಲ್ಲಿಂದ ಮನೆಯಲ್ಲಿ ನಡೆದ ಲೆಕ್ಕ ಬಹಳ ಸರಳವಾಗಿತ್ತು. ಹತ್ತಿರದ ಅನುದಾನರಹಿತ ಬಿ.ಎಡ್. ಕಾಲೇಜಿನ ಶುಲ್ಕ ವರ್ಷಕ್ಕೆ 62,000, ಎರಡು ವರ್ಷಕ್ಕೆ 1,24,000. ಸಂಬಳದಲ್ಲಿ ತಿಂಗಳಿಗೆ 12,000 ಹೆಚ್ಚಾದರೆ ಹತ್ತೂವರೆ ತಿಂಗಳಲ್ಲಿ ಹಣ ವಾಪಸು. ನಾನು ಹೋದಾಗ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನ ಹಿಂದಿನ ತಿಂಗಳ ಹಾಳೆಯ ಬೆನ್ನಿಗೆ ಈ ಭಾಗಾಕಾರವನ್ನು ಪೆನ್ಸಿಲಿನಲ್ಲಿ ಮಾಡಿ, ಕೆಳಗೆ ಎರಡು ಗೆರೆ ಎಳೆದು ಇಟ್ಟಿದ್ದರು. ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಭಾಗಿಸಿದ ಎರಡು ಅಂಕಿಗಳೂ ತಪ್ಪಾಗಿದ್ದವು.

ಮೊದಲ ತಪ್ಪು: ಶುಲ್ಕವನ್ನೇ ವೆಚ್ಚ ಎಂದುಕೊಂಡದ್ದು

ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2014ರಲ್ಲಿ ಹೊರಡಿಸಿದ ನಿಯಮಾವಳಿಯಿಂದ ಒಂದು ವರ್ಷದ ಬಿ.ಎಡ್. ಎರಡು ವರ್ಷದ್ದಾಯಿತು, 2015–16ರಿಂದ ಅದು ಜಾರಿಯಲ್ಲಿದೆ. ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು, ವಾರಕ್ಕೆ ಕನಿಷ್ಠ 36 ಗಂಟೆಗಳು, ತರಗತಿಗಳಿಗೆ ಶೇ. 80ರಷ್ಟು ಹಾಜರಿ, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90ರಷ್ಟು ಹಾಜರಿ, ಮತ್ತು ಆ ಇಂಟರ್ನ್‌ಶಿಪ್ ಎರಡೂ ವರ್ಷ ಸೇರಿ 20 ವಾರ. ನಮ್ಮ ಮನೆಯವರು ಇದನ್ನು ಓದಿರಲಿಲ್ಲವೆಂದಲ್ಲ. ಓದಿದ್ದರು, ಆದರೆ ಅದು ಹಣದ ಅಂಕಿ ಎಂದು ಅವರಿಗೆ ತೋರಿರಲಿಲ್ಲ. ವಾರಕ್ಕೆ 36 ಗಂಟೆ ಕಾಲೇಜಿನಲ್ಲಿರಬೇಕಾದವಳು ಶಾಲೆಯ ಕೆಲಸ ಇಟ್ಟುಕೊಳ್ಳಲಾರಳು. 14,000ವನ್ನು 24 ತಿಂಗಳಿಗೆ ಗುಣಿಸಿದರೆ 3,36,000 ರೂಪಾಯಿ. ಕಾಲೇಜಿಗೆ ಕೊಡುವ ಶುಲ್ಕದ ಎರಡೂಮುಕ್ಕಾಲು ಪಟ್ಟಿನಷ್ಟಿರುವ ಈ ಮೊತ್ತ ಯಾವ ರಸೀದಿಯಲ್ಲೂ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಂಚೆ ಶಿಕ್ಷಣದಿಂದ ಮಾಡಿದರೆ ಕೆಲಸ ಉಳಿಯುವುದಿಲ್ಲವೇ ಎಂದು ಗಂಡ ಕೇಳಿದ. ನಾಸಿಕದ ಮುಕ್ತ ವಿಶ್ವವಿದ್ಯಾಲಯವೂ ಇಗ್ನೋ ಸಂಸ್ಥೆಯೂ ದೂರಶಿಕ್ಷಣದ ಬಿ.ಎಡ್. ನಡೆಸಿವೆ, ನಿಜ, ಆದರೆ ಎನ್‌ಸಿಟಿಇ ನಿಯಮದಂತೆ ಅದು ಈಗಾಗಲೇ ಡಿ.ಎಲ್.ಎಡ್., ಅಂದರೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ, ಬಗೆಯ ತರಬೇತಿಯನ್ನು ತರಗತಿಯಲ್ಲಿ ಕುಳಿತು ಮುಗಿಸಿದವರಿಗೆ ಮಾತ್ರ. ನಾಲ್ಕು ವರ್ಷ ಪಾಠ ಮಾಡಿದ ಅನುಭವ ಆ ಅರ್ಹತೆಯಾಗುವುದಿಲ್ಲ. ಆ ಬಾಗಿಲು ಅವಳಿಗೆ ಮುಚ್ಚಿದೆ.

ಉಳಿದ ಖರ್ಚುಗಳನ್ನು ಒಂದೊಂದಾಗಿ ಬರೆದೆವು. ಪಾಠಯೋಜನೆಯ ಪುಸ್ತಕಗಳು, ಚಾರ್ಟು, ರಟ್ಟಿನ ಮಾದರಿಗಳು, ಕಾಲೇಜಿನ ಸಮವಸ್ತ್ರದ ಸೀರೆ, ಪರೀಕ್ಷಾ ಶುಲ್ಕ, ಎಲ್ಲ ಸೇರಿ 26,000. ಇದು ಹೆಚ್ಚಾಯಿತು ಎಂದು ನನಗೆ ಅನ್ನಿಸಿತ್ತು. ಆದರೆ ಪಕ್ಕದ ಬಿಲ್ಡಿಂಗಿನಲ್ಲಿ ಹಿಂದಿನ ವರ್ಷ ಬಿ.ಎಡ್. ಮುಗಿಸಿದ ಹುಡುಗಿಯೊಬ್ಬಳು ತನ್ನ ಚೀಲ ತಂದು ತೋರಿಸಿದಳು: ಕೈಬರಹದಲ್ಲೇ ಬರೆದ ಪಾಠಯೋಜನೆಯ ದಪ್ಪ ಪುಸ್ತಕಗಳು, ಪ್ರತಿ ಪಾಠದ ಕೆಳಗೆ ಮೇಲ್ವಿಚಾರಕರ ಕೆಂಪು ಶಾಯಿಯ ಷರಾ, ಭಿನ್ನರಾಶಿ ಕಲಿಸಲು ಥರ್ಮೋಕೋಲಿನಲ್ಲಿ ಕೊಯ್ದ ರೊಟ್ಟಿಯ ಆಕಾರದ ಎಂಟು ತುಂಡುಗಳು. ಒಂದು ತುಂಡು ಕಳೆದುಹೋಗಿ ಏಳೇ ಉಳಿದಿದ್ದವು. ಸ್ಟೇಷನ್ ಹತ್ತಿರದ ಸ್ಟೇಷನರಿ ಅಂಗಡಿಯವನ ಬಿಲ್ಲುಗಳನ್ನೂ ಅವಳು ಜೋಪಾನವಾಗಿ ಇಟ್ಟಿದ್ದಳು. ಅವುಗಳನ್ನು ಕೂಡಿಸಿದ ಮೇಲೆ 26,000ದ ಬಗ್ಗೆ ನಾನು ಮಾತೆತ್ತಲಿಲ್ಲ.

ಲೋಕಲ್ ರೈಲಿನ ಪಾಸು ಮತ್ತು ಶೇರ್ ರಿಕ್ಷಾ ಸೇರಿ ಎರಡು ವರ್ಷಕ್ಕೆ 22,000. ವಿದ್ಯಾರ್ಥಿ ರಿಯಾಯಿತಿಯ ವಯಸ್ಸನ್ನು ಅವಳು ದಾಟಿದ್ದಾಳೆ. ಪ್ರವೇಶ ಪರೀಕ್ಷೆ, ಶಿಕ್ಷಕರ ಅರ್ಹತಾ ಪರೀಕ್ಷೆಗಳಾದ ರಾಜ್ಯದ ಟಿಇಟಿ ಮತ್ತು ಕೇಂದ್ರದ ಸಿಟಿಇಟಿ, ಇವುಗಳ ಅರ್ಜಿಗಳು ಮತ್ತು ಪುಸ್ತಕಗಳು 8,000. ಅಮ್ಮ ಇರುವ ಶಾಲೆಯಲ್ಲೇ ಇದ್ದ ಮಗು ಇನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ಪಾಳಣಾಘರದಲ್ಲಿ, ಅಂದರೆ ಹಣ ಪಡೆದು ಮಕ್ಕಳನ್ನು ನೋಡಿಕೊಳ್ಳುವ ಮನೆಯಲ್ಲಿ, ಇರಬೇಕು. ತಿಂಗಳಿಗೆ 3,000ದಂತೆ 20 ತಿಂಗಳು, 60,000. ಕೆಲಸ ಬಿಟ್ಟೊಡನೆ ಹೋಗುವ ಶುಲ್ಕದ ರಿಯಾಯಿತಿ ಎರಡು ವರ್ಷಕ್ಕೆ 36,000. ಓದಿನ ನಡುವೆ ಸಂಜೆಯ ಟ್ಯೂಷನ್ ಅರ್ಧಕ್ಕೆ ಇಳಿಯುವುದರಿಂದ 70,000. ಇವೆಲ್ಲವನ್ನೂ ಶುಲ್ಕಕ್ಕೂ ಕಳೆದುಕೊಳ್ಳುವ ಸಂಬಳಕ್ಕೂ ಸೇರಿಸಿದರೆ ಒಟ್ಟು 6,82,000 ರೂಪಾಯಿ. ಕ್ಯಾಲೆಂಡರಿನ ಹಾಳೆಯಲ್ಲಿದ್ದ ಅಂಕಿಯ ಐದೂವರೆ ಪಟ್ಟು.

ಇಲ್ಲೊಂದು ಮಾತು. ದಾದರ್ ಕಡೆಯ ಒಂದು ಅನುದಾನಿತ ಕಾಲೇಜಿನಲ್ಲಿ ಎರಡು ವರ್ಷಕ್ಕೆ 34,000 ಮಾತ್ರ ಎಂದು ತಿಳಿದು ಎಲ್ಲರಿಗೂ ಆಸೆಯಾಗಿತ್ತು. ಶುಲ್ಕದಲ್ಲಿ 90,000 ಉಳಿತಾಯ. ಆದರೆ ಬೆಳಿಗ್ಗೆ ಡೊಂಬಿವಲಿಯಲ್ಲಿ ಹೆಂಗಸರ ಡಬ್ಬಿಗೆ ಹತ್ತುವುದೆಂದರೇನೆಂದು ಅಲ್ಲಿದ್ದವರಿಗೆ ಹೇಳಿ ತಿಳಿಸಬೇಕಾಗಿರಲಿಲ್ಲ. ಸಂಜೆ ಏಳೂವರೆಗೆ ಮನೆ ಸೇರಿದರೆ ಉಳಿದ ಅರ್ಧ ಟ್ಯೂಷನ್ನೂ ಹೋಗುತ್ತದೆ, 70,000. ಪಾಳಣಾಘರಕ್ಕೆ ತಿಂಗಳಿಗೆ ಇನ್ನೊಂದು ಸಾವಿರ, 20,000. ಪಾಸಿಗೆ ಹೆಚ್ಚುವರಿ 4,000. ಅಗ್ಗದ ಕಾಲೇಜು ನಾಲ್ಕು ಸಾವಿರ ತುಟ್ಟಿಯಾಯಿತು. ಒಂಟಿ ಹುಡುಗಿಗೆ, ಅಥವಾ ಮಾಟುಂಗಾದಲ್ಲೇ ಮನೆಯಿರುವವಳಿಗೆ, ಇದೇ ಕಾಲೇಜು ಎರಡನೇ ಯೋಚನೆಯಿಲ್ಲದೆ ಸರಿಯಾದ ಆಯ್ಕೆ.

ಎರಡನೆಯ ತಪ್ಪು: ಬಾಯಿಮಾತಿನ ಸಂಬಳ

ಸಾಲದ ಅರ್ಜಿ ನೋಡುವವನು ಮೊದಲು ಕೇಳುವುದು ಸಂಬಳದ ಪತ್ರವನ್ನಲ್ಲ, ಪಾಸ್‌ಬುಕ್ಕನ್ನು. 26,000ದ ಮಾತು ನಂಬುವ ಮೊದಲು, ಅದೇ ಶಾಲೆಯಲ್ಲಿ ಬಿ.ಎಡ್. ಆಗಿರುವ ಇಬ್ಬರು ಸಹೋದ್ಯೋಗಿಗಳನ್ನು ವಿಶ್ವಾಸದಿಂದ ಕೇಳಿ ಬಾ ಎಂದು ಅವಳಿಗೆ ಹೇಳಿದ್ದೆ. ಪಿಎಫ್ ಕಡಿತವನ್ನು ಮರಳಿ ಸೇರಿಸಿ ನೋಡಿದರೆ ಮೂರು ವರ್ಷದ ಸೇವೆಯಿರುವವರಿಗೆ 22,500, ಆರು ವರ್ಷದವರಿಗೆ 24,000. ಆರು ವರ್ಷ ದುಡಿದವರಿಗೇ ಸಿಗದ 26,000 ಹೊಸಬಳಿಗೆ ಸಿಕ್ಕೀತೆಂದು ನಾನು ಬರೆದುಕೊಳ್ಳಲಾರೆ. ಮತ್ತೊಂದು ಶಾಲೆಯಲ್ಲಿ ಬ್ಯಾಂಕಿಗೆ ಪೂರ್ತಿ ಸಂಬಳ ಜಮೆಯಾಗಿ, ಅದರಲ್ಲೊಂದು ಭಾಗವನ್ನು ಮರುದಿನ ನಗದಾಗಿ ಕಚೇರಿಗೆ ಒಪ್ಪಿಸುವ ಪದ್ಧತಿಯಿದೆಯೆಂದು ಆ ಇಬ್ಬರಲ್ಲಿ ಒಬ್ಬರು ಹೇಳಿದರಂತೆ. ಮಾನ್ಯತೆ ಪಡೆದ ಖಾಸಗಿ ಶಾಲೆಗಳ ನೌಕರರಿಗೆ ಮಹಾರಾಷ್ಟ್ರದಲ್ಲಿ 1977ರ ಕಾಯಿದೆಯೂ 1981ರ ನಿಯಮಗಳೂ ಇವೆ, ಅವುಗಳಲ್ಲಿ ವೇತನಶ್ರೇಣಿಯ ಮಾತೂ ಇದೆ. ಆದರೆ ಲೆಕ್ಕ ಹಾಕುವಾಗ ಕಾಯಿದೆ ಕೊಡಿಸಬೇಕಾದ ಹಣವನ್ನಲ್ಲ, ಕೈಗೆ ಬರುವ ಹಣವನ್ನು ಹಿಡಿಯಬೇಕು. 23,000 ಎಂದು ಬರೆದುಕೊಂಡೆವು. ತಿಂಗಳಿಗೆ 25,000ದವರೆಗೆ ಸಂಬಳವಿರುವ ಮಹಿಳೆಗೆ ಈ ರಾಜ್ಯದಲ್ಲಿ ವೃತ್ತಿ ತೆರಿಗೆ ಇಲ್ಲವಾದ್ದರಿಂದ ಅಲ್ಲಿ ಕಳೆಯುವುದೇನೂ ಇರಲಿಲ್ಲ.

ಸಂಬಳದ ಹೊರಗೂ ಕೆಲವು ಲಾಭಗಳಿವೆ, ಅವುಗಳನ್ನು ಮನೆಯವರು ಎಣಿಸಿರಲಿಲ್ಲ. ತರಬೇತಿ ಪಡೆದ ಶಿಕ್ಷಕಿಯಾಗಿ ಹಾಜರಿ ಪುಸ್ತಕದಲ್ಲಿ ಹೆಸರು ಬಂದರೆ ಪಿಎಫ್ ಖಾತೆ ತೆರೆಯುತ್ತದೆ. 15,000ದ ಮೂಲವೇತನದ ಮೇಲೆ ಶಾಲೆಯ ಪಾಲು ತಿಂಗಳಿಗೆ 1,800, ವರ್ಷಕ್ಕೆ 21,600. ಶಿಕ್ಷಕರಿಗೂ ಗ್ರಾಚ್ಯುಯಿಟಿ ಉಂಟೆಂದು 2009ರ ತಿದ್ದುಪಡಿ ಹೇಳಿತು, 2022ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಐದು ವರ್ಷ ಪೂರೈಸಿದರೆ ಪ್ರತಿ ವರ್ಷದ ಸೇವೆಗೆ 15 ದಿನದ ವೇತನದಂತೆ, ಅದೇ ಮೂಲವೇತನದ ಮೇಲೆ ವರ್ಷಕ್ಕೆ ಸುಮಾರು 8,650. ಮಗಳ ರಿಯಾಯಿತಿ ಮತ್ತೆ 18,000. ಹೀಗೆ ವರ್ಷಕ್ಕೆ ಒಟ್ಟು 3,24,250 ರೂಪಾಯಿ.

ಟ್ಯೂಷನ್ನಿನ 70,000ವನ್ನು ನಾನು ಇದರಲ್ಲಿ ಸೇರಿಸಲಿಲ್ಲ. ಅದೇಕೆ ಎಂದು ಮನೆಯವರೆಲ್ಲ ಒಟ್ಟಿಗೆ ಕೇಳಿದರು. 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಮು ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವುದನ್ನು ನಿಷೇಧಿಸುತ್ತದೆ. ಈ ಊರಿನಲ್ಲಿ ಅದನ್ನು ಪಾಲಿಸುವವರು ಎಷ್ಟೆಂದು ನನಗೂ ಗೊತ್ತು, ಅವರಿಗೂ ಗೊತ್ತು. ನಿಜ ಹೇಳಬೇಕೆಂದರೆ ಈಗ ಅವಳು ಮಾಡುತ್ತಿರುವುದೂ ಆ ಕಲಮಿನ ಅಂಚಿನಲ್ಲೇ ಇದೆ. ಆದರೆ 25 ವರ್ಷದ ಆದಾಯದ ಲೆಕ್ಕವನ್ನು ಒಂದು ದೂರಿನಿಂದ ಅಳಿಸಿಹೋಗುವ ಹಣದ ಮೇಲೆ ಕಟ್ಟಲು ನಾನು ಒಪ್ಪಲಿಲ್ಲ.

ಈ ಅಂಕಿಗಳ ಮೇಲೆ ಹೋಲಿಕೆ ಮಾಡಿದಾಗ ಮನೆಯಲ್ಲಿ ಮೌನ ಆವರಿಸಿತು. ಬಿ.ಎಡ್. ಆದ ಮೇಲೆ ವರ್ಷಕ್ಕೆ 3,24,250, ಈಗ 2,56,000, ವ್ಯತ್ಯಾಸ 68,250. ಹಾಕಬೇಕಾದದ್ದು 6,82,000. ಹೆಚ್ಚುಕಡಿಮೆ ಸರಿಯಾಗಿ ಹತ್ತು ವರ್ಷ. ಹತ್ತೂವರೆ ತಿಂಗಳು ಎಂದು ಪೆನ್ಸಿಲಿನಲ್ಲಿ ಬರೆದದ್ದು ಹತ್ತು ವರ್ಷವಾದಾಗ, "ಹಾಗಾದರೆ ಬೇಡ ಅಂತಲೇ ಹೇಳಿಬಿಡಿ, ಮಾಮಾ," ಎಂದಳು ಅವಳು. ನಾನು ಹಾಗೆ ಹೇಳಲಿಲ್ಲ, ಏಕೆಂದರೆ ಹೋಲಿಕೆಯೇ ಸರಿಯಾಗಿರಲಿಲ್ಲ.

ಯಾವುದರ ಜೊತೆ ಹೋಲಿಸಬೇಕು

ಈಗಿರುವ 2,56,000 ಹಾಗೆಯೇ ಮುಂದುವರಿಯುತ್ತದೆ ಎಂದುಕೊಂಡರೆ ಮಾತ್ರ ಹತ್ತು ವರ್ಷದ ಲೆಕ್ಕ ನಿಲ್ಲುತ್ತದೆ. ಒಂದರಿಂದ ಎಂಟರವರೆಗೆ ಕಲಿಸುವವರಿಗೆ ಕನಿಷ್ಠ ಅರ್ಹತೆ ಇರಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯ 23ನೆಯ ಕಲಮು ಹೇಳಿದೆ. ಅರ್ಹತೆಯಿಲ್ಲದೆ ಸೇವೆಯಲ್ಲಿದ್ದವರು ಅದನ್ನು ಗಳಿಸಿಕೊಳ್ಳಲು 2017ರ ತಿದ್ದುಪಡಿ ಕೊಟ್ಟಿದ್ದ ಕೊನೆಯ ಗಡುವು 2019ರ ಮಾರ್ಚ್ 31. ಅವಳು ಕೆಲಸಕ್ಕೆ ಸೇರಿದ್ದೇ ಆ ಗಡುವು ಮುಗಿದ ಮೇಲೆ. ಅಂದರೆ ಅವಳ 14,000 ಸಂಬಳವಲ್ಲ, ತಪಾಸಣೆಯವರು ಬಂದು ಹಾಜರಿ ಪುಸ್ತಕ ಕೇಳುವವರೆಗಿನ ಒಂದು ಹೊಂದಾಣಿಕೆ. ಇಂಥ ಆದಾಯಕ್ಕೆ ಬ್ಯಾಂಕಿನಲ್ಲಿ ನಾವು ಸಾಲ ಕೊಡುತ್ತಿರಲಿಲ್ಲ.

ಆದ್ದರಿಂದ ಹೋಲಿಸಬೇಕಾದದ್ದು ಅವಳ ಕೈಯಲ್ಲಿ ನಿಜವಾಗಿ ಉಳಿಯುವ ದಾರಿಯ ಜೊತೆಗೆ: ಶಾಲೆ ಬಿಟ್ಟು ಮನೆಯಲ್ಲೇ ಪೂರ್ಣಾವಧಿ ಟ್ಯೂಷನ್. ಇದಕ್ಕೆ ಪದವಿ ಬೇಡ, 28ನೆಯ ಕಲಮಿನ ತೊಡಕೂ ಇಲ್ಲ. ಅವಳ ಸೊಸೈಟಿಯ ಸುತ್ತಮುತ್ತ ಗಣಿತಕ್ಕೆ ಕೇಳುವವರು ಇದ್ದಾರೆ. ಎರಡು ಬ್ಯಾಚಿನಲ್ಲಿ 18 ಮಕ್ಕಳು, ತಲೆಗೆ 1,200, ಹತ್ತು ತಿಂಗಳು, ಅಂದರೆ 2,16,000. ಬೋರ್ಡು, ವಿದ್ಯುತ್ತು, ಝೆರಾಕ್ಸಿಗೆ 16,000 ಕಳೆದರೆ 2,00,000. ಏಳು ಮಕ್ಕಳಿಂದ ಹದಿನೆಂಟಕ್ಕೆ ಏರಲು ಒಂದು ವರ್ಷವಾದರೂ ಬೇಕು, ಆದರೆ ಬಿ.ಎಡ್. ಕಡೆಗೆ ನನ್ನ ಮನಸ್ಸು ವಾಲಬಾರದೆಂದು ಮೊದಲ ವರ್ಷದಿಂದಲೇ ಪೂರ್ತಿ ಹಿಡಿದೆ.

ಈ ಹೋಲಿಕೆಯಲ್ಲಿ ಅಂಕಿಗಳು ಬದಲಾಗುತ್ತವೆ. ಕೈಯಿಂದ ಹೋಗುವ ನೇರ ಖರ್ಚು 2,40,000. ಎರಡು ವರ್ಷದಲ್ಲಿ ಪೂರ್ಣ ಟ್ಯೂಷನ್ನಿನಿಂದ ಬರಬಹುದಾಗಿದ್ದ 4,00,000ದಲ್ಲಿ, ಓದುತ್ತಲೇ ಉಳಿಸಿಕೊಳ್ಳುವ ಅರ್ಧ ಟ್ಯೂಷನ್ನಿನ 70,000 ಕಳೆದರೆ ನಷ್ಟ 3,30,000. ಮಗಳ ಶುಲ್ಕದ ರಿಯಾಯಿತಿ ಎರಡು ದಾರಿಯಲ್ಲೂ ಹೋಗುವುದರಿಂದ ಅದನ್ನು ಎಣಿಸಬೇಕಿಲ್ಲ. ಒಟ್ಟು 5,70,000. ಆಮೇಲೆ ವರ್ಷಕ್ಕೆ ಹೆಚ್ಚಾಗಿ ಬರುವುದು 1,24,250. ನಾಲ್ಕೂವರೆ ವರ್ಷಕ್ಕೆ ಸ್ವಲ್ಪ ಹೆಚ್ಚು. ಹಾಕಿದ ಹಣಕ್ಕೆ ಶೇ. 7ರಂತೆ ಬಡ್ಡಿಯನ್ನೂ ಹಿಡಿದರೆ ಆರು ವರ್ಷ. 33ಕ್ಕೆ ಓದು ಮುಗಿದರೆ 39ರ ಹೊತ್ತಿಗೆ ಹಣ ತೀರುತ್ತದೆ, ನಿವೃತ್ತಿಯ 58ರವರೆಗೆ ಇನ್ನೂ 19 ವರ್ಷ ಇರುತ್ತದೆ. ಇದೇ ಹೆಣ್ಣುಮಗಳು 45ರಲ್ಲಿ ಕೇಳಿದ್ದರೆ ನಾನು ಟ್ಯೂಷನ್ ಸಾಕು ಎನ್ನುತ್ತಿದ್ದೆ. ಓದಿನ ನಂತರ ಒಂದು ವರ್ಷ ಕೆಲಸ ಸಿಗದೆ ಪೂರ್ಣ ಟ್ಯೂಷನ್ನಿನಲ್ಲೇ ಕಳೆದರೂ ಲೆಕ್ಕ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಮುಂದಕ್ಕೆ ಹೋಗುತ್ತದೆಯೇ ಹೊರತು ಮುರಿಯುವುದಿಲ್ಲ. ಗಣಿತದವರಿಗೆ ಅಷ್ಟು ಕಾಯುವ ಸಂದರ್ಭ ಬರಲಾರದೆಂದು ನನ್ನ ಅಂದಾಜು.

ಡಿ.ಎಲ್.ಎಡ್. ಮಾಡಬಾರದೇ ಎಂಬ ಪ್ರಶ್ನೆಯನ್ನೂ ನೋಡಿದೆವು, ಏಕೆಂದರೆ 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಒಂದರಿಂದ ಐದನೆಯ ತರಗತಿಗೆ ಬಿ.ಎಡ್. ಅರ್ಹತೆಯಲ್ಲ ಎಂದು ಹೇಳಿದೆ. ಪದವಿಯ ಜೊತೆ ಡಿ.ಎಲ್.ಎಡ್. ಇದ್ದರೆ ಎಂಟನೆಯ ತರಗತಿಯವರೆಗೆ ಕಲಿಸಬಹುದು. ಆದರೆ ಒಂಬತ್ತು ಮತ್ತು ಹತ್ತಕ್ಕೆ ಬಿ.ಎಡ್. ಬೇಕು, ಗಣಿತದ ಪದವೀಧರೆಗೆ ಬೇಡಿಕೆಯಿರುವುದೂ ಅಲ್ಲಿ. ಎರಡಕ್ಕೂ ಎರಡೇ ವರ್ಷ. ಈ ಪ್ರಶ್ನೆ ಐದು ನಿಮಿಷದಲ್ಲಿ ಮುಗಿಯಿತು.

ಸರ್ಕಾರಿ ಸಂಬಳದ ಆಸೆ

ಅತ್ತೆಯವರ ಮನಸ್ಸಿನಲ್ಲಿದ್ದದ್ದು ಬೇರೆ. ಅವರ ಗಂಡ ಹೋಟೆಲಿನಲ್ಲಿ ದುಡಿಯುತ್ತಲೇ ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವರು. ಅಲ್ಲಿನ ಮಾಸ್ತರರ ಬಗ್ಗೆ ಮನೆಯಲ್ಲಿ ಇಂದಿಗೂ ಗೌರವದಿಂದ ಮಾತಾಡುತ್ತಾರೆ. ಸೊಸೆ ಅನುದಾನಿತ ಶಾಲೆಯಲ್ಲಿ, ಸಾಧ್ಯವಾದರೆ ಕನ್ನಡ ಶಾಲೆಯಲ್ಲಿ, ಖಾಯಂ ಆಗಬೇಕೆಂಬುದು ಅವರ ಆಸೆ. ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ, ಡೊಂಬಿವಲಿಯದೇ ಆದ ಮಂಜುನಾಥ ವಿದ್ಯಾಲಯ, ಮಹಾನಗರಪಾಲಿಕೆಯ ಕನ್ನಡ ಶಾಲೆಗಳು, ಹೀಗೆ ಹೆಸರುಗಳು ಒಂದರ ಹಿಂದೊಂದು ಬಂದವು.

ಅನುದಾನಿತ ಪ್ರೌಢಶಾಲೆಯ ಪದವೀಧರ ಶಿಕ್ಷಕರ ಮೂಲವೇತನ 38,600ರಿಂದ ಶುರು. ತುಟ್ಟಿಭತ್ಯೆ ಮತ್ತು ಮನೆಬಾಡಿಗೆ ಭತ್ಯೆ ಸೇರಿ ಮೊದಲ ತಿಂಗಳಿಂದಲೇ 65,000 ದಾಟುತ್ತದೆ. ಎಲ್ಲರೂ ಹೇಳುವುದು ಈ ಅಂಕಿಯನ್ನೇ. ಅದಕ್ಕೆ ಮೊದಲು ಮೂರು ವರ್ಷ ಶಿಕ್ಷಣ ಸೇವಕರಾಗಿ ಗೌರವಧನದ ಮೇಲೆ ದುಡಿಯಬೇಕೆಂಬುದನ್ನು ಹೇಳುವವರು ಕಡಿಮೆ. ಪ್ರೌಢಶಾಲೆಗೆ ಅದು ಮೊದಲು 8,000 ಇತ್ತು, 2023ರ ಜನವರಿಯಿಂದ 18,000 ಆಗಿದೆ. ನೇಮಕಾತಿ ರಾಜ್ಯ ಸರ್ಕಾರದ ಜಾಲತಾಣವಾದ ಪವಿತ್ರ ಪೋರ್ಟಲಿನ ಮೂಲಕ, ಶಿಕ್ಷಕರ ಅಭಿಯೋಗ್ಯತಾ ಪರೀಕ್ಷೆಯ ಅಂಕಗಳ ಮೇಲೆ ನಡೆಯುತ್ತದೆ. ಆ ಪರೀಕ್ಷೆ ನಡೆದದ್ದು 2017ರ ಡಿಸೆಂಬರಿನಲ್ಲಿ, ಅನಂತರ 2023ರಲ್ಲಿ, ಆಮೇಲೆ 2025ರಲ್ಲಿ. 33ಕ್ಕೆ ಓದು ಮುಗಿಸುವವಳಿಗೆ ಸಾಮಾನ್ಯ ವರ್ಗದ ವಯೋಮಿತಿಯಾದ 38ರೊಳಗೆ ಒಂದೋ ಎರಡೋ ಅವಕಾಶ ಸಿಗಬಹುದು. ಇನ್ನು ಹುದ್ದೆಗಳ ಮಂಜೂರಾತಿ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ; ಕನ್ನಡ ಮಾಧ್ಯಮದಲ್ಲಿ ಮಕ್ಕಳು ಕಡಿಮೆಯಾಗುತ್ತಿರುವ ಈ ನಗರದಲ್ಲಿ ಹೊಸ ಹುದ್ದೆ ಹುಟ್ಟುವುದಿರಲಿ, ಇದ್ದ ಶಿಕ್ಷಕರೇ ಹೆಚ್ಚುವರಿಯಾಗುತ್ತಾರೆ. 2005ರ ನವೆಂಬರ್ 1ರ ನಂತರ ಸೇರಿದವರಿಗೆ ಹಳೆಯ ಪಿಂಚಣಿಯೂ ಇಲ್ಲ. ಸರ್ಕಾರಿ ಸಂಬಳದ ಈ ಸಾಧ್ಯತೆಗೆ ನಾನು ಲೆಕ್ಕದಲ್ಲಿ ಸೊನ್ನೆ ಬರೆದೆ. ಸಿಕ್ಕರೆ ಸಂತೋಷ, ಆದರೆ ಅದನ್ನು ನಂಬಿ 5,70,000 ಹಾಕುವುದಾದರೆ ಹಾಕಬಾರದು. ಸೊನ್ನೆ ಬರೆದೂ ಲೆಕ್ಕ ನಿಲ್ಲುತ್ತದೆಯೇ ಎಂಬುದನ್ನೇ ನೋಡಬೇಕಿತ್ತು, ನಿಂತಿತು.

ಆದರೆ ಟಿಇಟಿಗೆ ಸೊನ್ನೆ ಬರೆಯಲಾಗದು. ಆರರಿಂದ ಎಂಟಕ್ಕೆ ಬಿ.ಎಡ್. ಜೊತೆ ಟಿಇಟಿಯ ಎರಡನೆಯ ಪತ್ರಿಕೆಯೂ ಬೇಕು. 150ಕ್ಕೆ 90 ಅಂಕ. ಸೇವೆಯಲ್ಲಿರುವವರೂ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇದ್ದರೆ, ಎರಡು ವರ್ಷದೊಳಗೆ ತೇರ್ಗಡೆಯಾಗಬೇಕೆಂದು ಸುಪ್ರೀಂ ಕೋರ್ಟಿನ 2025ರ ಸೆಪ್ಟೆಂಬರ್ 1ರ ತೀರ್ಪು ಹೇಳಿದ ಮೇಲೆ ಅವಳ ಶಾಲೆಯ ಸ್ಟಾಫ್‌ರೂಮಿನಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚುವಾಗಲೂ ಅದೇ ಮಾತಂತೆ. ಒಮ್ಮೆ ಪಾಸಾದರೆ ಪ್ರಮಾಣಪತ್ರಕ್ಕೆ ಜೀವಿತಾವಧಿಯ ಮಾನ್ಯತೆ ಇದೆ. ಓದಿನ ಎರಡನೆಯ ವರ್ಷದಲ್ಲೇ ಬರೆದುಬಿಡು, ಕಾಯಬೇಡ ಎಂದು ಅವಳಿಗೆ ಹೇಳಿದ್ದೇನೆ.

ಫೋನಿನಲ್ಲಿ ಬಂದ ನಾಲ್ಕನೆಯ ದಾರಿ

ನಾವು ಕುಳಿತಿರುವಾಗಲೇ ಅವಳ ಫೋನಿಗೆ ಒಬ್ಬ ಏಜೆಂಟನ ಕರೆ ಬಂತು. ದೂರದ ಒಂದು ಊರಿನ ಕಾಲೇಜು, ಎರಡು ವರ್ಷಕ್ಕೆ ಎಲ್ಲ ಸೇರಿ 1,60,000, ಪರೀಕ್ಷೆಗೆ ಮಾತ್ರ ಬಂದರೆ ಸಾಕು, ಹಾಜರಿ ಅವರೇ ನೋಡಿಕೊಳ್ಳುತ್ತಾರೆ. ಬರೀ ಅಂಕಿಯಲ್ಲಿ ನೋಡಿದರೆ ಇದಕ್ಕಿಂತ ಲಾಭದ ದಾರಿ ಇನ್ನೊಂದಿಲ್ಲ: ಸಂಬಳ ಉಳಿಯುತ್ತದೆ, ಟ್ಯೂಷನ್ ಉಳಿಯುತ್ತದೆ, ಪಾಳಣಾಘರ ಬೇಡ. ಗಂಡನ ಮುಖ ಅರಳಿದ್ದನ್ನು ಕಂಡೆ. ಆದರೆ ಒಂದೇ ದಿನಾಂಕಕ್ಕೆ ಅವಳ ಸಹಿ ಡೊಂಬಿವಲಿಯ ಶಾಲೆಯ ವೋಚರಿನಲ್ಲೂ, ಅಷ್ಟು ದೂರದ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಇರುತ್ತದೆ. ಎರಡು ಕಾಗದಗಳು ಎಂದಾದರೂ ಒಂದೇ ಮೇಜಿನ ಮೇಲೆ ಬಂದರೆ ಪದವಿಯೂ ಹೋಗುತ್ತದೆ, ಅದರ ಮೇಲೆ ನಿಂತ ಕೆಲಸವೂ ಹೋಗುತ್ತದೆ. ಇದೇ ರಾಜ್ಯದಲ್ಲಿ ಟಿಇಟಿ ಅಂಕಗಳ ಅಕ್ರಮ ಬಯಲಾದಾಗ 2022ರಲ್ಲಿ ಪರೀಕ್ಷಾ ಪರಿಷತ್ತು ಏಳು ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳ ಮೇಲೆ ಕ್ರಮ ಕೈಗೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅವರಲ್ಲಿ ಹಲವರು ಕೆಲಸದಲ್ಲಿದ್ದವರು. ಗಂಡ ಆ ನಂಬರನ್ನು ಬ್ಲಾಕ್ ಮಾಡಿದ.

ಹಣದ ಏರ್ಪಾಡಿನ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ಅವರ ಹತ್ತಿರ 1,50,000ದ ಠೇವಣಿ ಇದೆ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಕೈಯಿಂದ ಪಾಲು ಹಾಕಲು ಕೇಳುವುದಿಲ್ಲ, ಓದು ಮುಗಿದು ಒಂದು ವರ್ಷದವರೆಗೆ ಕಂತೂ ಇಲ್ಲ. ಬಡ್ಡಿಗೆ 80ಇ ಕಲಮಿನ ತೆರಿಗೆ ವಿನಾಯಿತಿ ಇದೆಯೆಂದು ಗಂಡ ಉತ್ಸಾಹದಿಂದ ಹೇಳಿದ, ಆದರೆ ಅವನು ಹೊಸ ತೆರಿಗೆ ಪದ್ಧತಿಯಲ್ಲಿರುವುದರಿಂದ ಅದು ಅವನಿಗೆ ಅನ್ವಯಿಸುವುದಿಲ್ಲ. ಮೊದಲ ವರ್ಷದ ಶುಲ್ಕ ಠೇವಣಿಯಿಂದ, ಎರಡನೆಯ ವರ್ಷದ್ದು ಬೇಕಾದರೆ ಸಾಲದಿಂದ ಎಂದು ತೀರ್ಮಾನವಾಯಿತು. ಬಳೆ ಅಡವಿಡುವ ಮಾತನ್ನು ಅತ್ತೆ ಎತ್ತಿದರು, ಬೇಡವೆಂದೆ.

ಹೊರಡುವ ಹೊತ್ತಿಗೆ ಅವರು ಚಹಾದ ಲೋಟ ತೆಗೆಯಲು ಬಂದವರು ಹಾಳೆಯನ್ನು ಕೈಗೆತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಪಾಳಣಾಘರ 60,000 ಅಂತ ಬರೆದಿದ್ದೀರಲ್ಲ, ಬ್ಯಾಂಕಿನ ಲೆಕ್ಕದಲ್ಲಿ ಅಜ್ಜಿಗೆ ಬೆಲೆ ಇಲ್ಲವೋ?" ಎಂದರು. ಅವರು ವರ್ಷಕ್ಕೆ ಎರಡು ತಿಂಗಳು ಊರಿಗೆ ಹೋಗುತ್ತಾರೆ, ಮೊಣಕಾಲು ನೋವಿದೆ, ಅದಕ್ಕಾಗಿಯೇ ಹಾಗೆ ಬರೆದದ್ದು ಎಂದು ಸಮಜಾಯಿಷಿ ಕೊಟ್ಟೆ. ಆ ಎರಡು ತಿಂಗಳಿಗೆ ಮಾತ್ರ ಬರೆಯಿರಿ ಎಂದರು. 60,000 ಹೊಡೆದು 12,000 ಬರೆದೆ. 5,70,000 ಇದ್ದದ್ದು 5,22,000 ಆಯಿತು, ನಾಲ್ಕೂವರೆ ವರ್ಷ ಇದ್ದದ್ದು ನಾಲ್ಕಕ್ಕೆ ಹತ್ತಿರ ಬಂತು. ಎಪ್ಪತ್ತರ ಹತ್ತಿರದವರ ದುಡಿಮೆಯನ್ನು ಹೀಗೆ ಸೊನ್ನೆ ಬೆಲೆಗೆ ಹಿಡಿಯುವುದು ಸರಿಯೇ ಎಂಬ ಸಂಶಯ ನನಗೆ ಈಗಲೂ ಇದೆ, ಆದರೆ ಅವರ ಎದುರಿಗೆ ಅದನ್ನು ವಾದಿಸುವ ಧೈರ್ಯ ಇರಲಿಲ್ಲ.

ಹೊಸ ವರ್ಷದ ಮೇಲೆ ಅವಳು ಪ್ರವೇಶ ಪರೀಕ್ಷೆಯ ಅರ್ಜಿ ತುಂಬಿದಳು. 26,000ದ ಮಾತನ್ನು ಬರೆದುಕೊಡುವಿರಾ ಎಂದು ಮುಖ್ಯಾಧ್ಯಾಪಕಿಯವರನ್ನು ಕೇಳಿದಾಗ, ಹಾಗೆ ಬರೆದುಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದರಂತೆ. ರಾಜೀನಾಮೆ ಏಪ್ರಿಲಿನಲ್ಲೇ ಕೊಟ್ಟರೆ ಅನುಕೂಲ ಎಂದೂ ಸೇರಿಸಿದರಂತೆ. ಅದಾದ ರಾತ್ರಿ ಅವಳ ಫೋನು ಬಂತು. "ಮಾಮಾ, ಏಪ್ರಿಲಿನಲ್ಲಿ ಬಿಟ್ಟರೆ ಮೇ ತಿಂಗಳ ಸಂಬಳ ಕೊಡುವುದಿಲ್ಲ. ಪ್ರವೇಶದ ಸುತ್ತುಗಳೆಲ್ಲ ಮುಗಿಯುವಾಗ ಅರ್ಧ ಮಳೆಗಾಲ ಕಳೆದಿರುತ್ತದೆ. ಸೀಟು ಕೈಗೆ ಬಂದ ಮೇಲೆ ರಾಜೀನಾಮೆ ಕೊಟ್ಟರೆ ಮೂರು ತಿಂಗಳ 42,000 ನಿಮ್ಮ ಲೆಕ್ಕದಲ್ಲಿ ಯಾವ ಕಡೆ ಬರುತ್ತದೆ?"

ನನ್ನ ಹಾಳೆಯಲ್ಲಿ ಆ ಸಾಲೇ ಇರಲಿಲ್ಲ. ಸೇರಿಸಿದೆ.